ನಾಲ್ಕು ವರ್ಷ ಸೊಂಟದಲ್ಲಿ: ರೂಗರ್ ಸೂಪರ್ ಬ್ಲ್ಯಾಕ್‌ಹಾಕ್ .44 ಮ್ಯಾಗ್ನಮ್

ಟೆಕ್ಸಾಸಿನ ಹಿಲ್ ಕಂಟ್ರಿಯಲ್ಲಿ ನಾನೂ ನನ್ನ ಭಾವನೂ ಸೇರಿ ಅರವತ್ತು ಎಕರೆ ಜಾಗದಲ್ಲಿ ಆಡು ಸಾಕುತ್ತೇವೆ. ಸುಣ್ಣಕಲ್ಲಿನ ನೆಲ, ಓಕ್ ಮರಗಳು, ಸೀಡರ್ ಪೊದೆಗಳು, ಬೇಸಿಗೆಯಲ್ಲಿ ಬತ್ತುವ ಒಂದು ಹಳ್ಳ, ಇಷ್ಟೇ ನಮ್ಮ ಆಸ್ತಿ. ಮೊದಲ ಚಳಿಗಾಲದಲ್ಲಿಯೇ ಕಾಡುಹಂದಿಗಳು ಹಳ್ಳದ ಬದಿಯ ಹುಲ್ಲುಗಾವಲನ್ನು ನೇಗಿಲು ಹೂಡಿದಂತೆ ಉತ್ತುಹಾಕಿದ್ದರಿಂದ, ಒಂದು ರೈಫಲ್ಲನ್ನೂ ಅದರ ಹಿಂದೆಯೇ ಏಳೂವರೆ ಇಂಚಿನ ನಳಿಗೆಯ ರೂಗರ್ ಸೂಪರ್ ಬ್ಲ್ಯಾಕ್‌ಹಾಕ್ ರಿವಾಲ್ವರನ್ನೂ ಕೊಂಡೆ. ರಿವಾಲ್ವರ್ ಕೊಳ್ಳುವಾಗ ನನ್ನ ಮನಸ್ಸಿನಲ್ಲಿದ್ದದ್ದು ಬೇಟೆ. ನಾಲ್ಕು ವರ್ಷಗಳ ಬಳಕೆಯ ನಂತರ ನೋಡಿದರೆ ಅದು ಬೇಟೆಗೆ ಒದಗಿದ್ದು ಕಡಿಮೆ, ಜಮೀನಿನ ದಿನನಿತ್ಯದ ಕೆಲಸಕ್ಕೆ ಒದಗಿದ್ದೇ ಹೆಚ್ಚು. ಆದ್ದರಿಂದ ಈ ವಿಮರ್ಶೆಯನ್ನು ಆ ದೃಷ್ಟಿಯಿಂದಲೇ ಓದಬೇಕೆಂದು ಕೋರುತ್ತೇನೆ.

ತೀರ್ಥಹಳ್ಳಿಯ ಕಡೆಯ ನನ್ನ ಅಜ್ಜನ ಮನೆಯಲ್ಲಿ ಅಡಕೆ ತೋಟಕ್ಕೆ ನುಗ್ಗುವ ಹಂದಿ, ಮಂಗಗಳನ್ನು ಬೆದರಿಸಲು ಲೈಸೆನ್ಸಿನ ಒಂಟಿನಳಿಗೆ ಕೋವಿ ಇತ್ತು. ಕೋವಿಯೆಂದರೆ ಹೆಗಲಿಗೆ ಆನಿಸಿ ಹೊಡೆಯುವಂಥದ್ದು ಎಂಬ ತಿಳಿವಳಿಕೆಯಲ್ಲಿಯೇ ಬೆಳೆದ ನನಗೆ, ಕೈಯಲ್ಲಿ ಹಿಡಿಯುವ ಆಯುಧದಿಂದ ದೊಡ್ಡ ಪ್ರಾಣಿಯನ್ನು ಬೀಳಿಸುವ ಅಮೆರಿಕದ ಪದ್ಧತಿ ಮೊದಲಿಗೆ ಜಂಬದ ಆಟವೆಂದೇ ಕಂಡಿತ್ತು. ನಮ್ಮಲ್ಲಿ ರಿವಾಲ್ವರ್ ಎಂದರೆ ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ತಾನೇ (ಈ ಅಂಕಿ ಸುಮಾರಾಗಿ ಇಂಚಿನಲ್ಲಿ ಗುಂಡಿನ ಅಗಲ)? ಅದರ ಗುಂಡಿಗಿಂತ .44 ಮ್ಯಾಗ್ನಮ್ ಗುಂಡಿನ ಹೊಡೆತದ ಶಕ್ತಿ ಆರೇಳು ಪಟ್ಟು ಹೆಚ್ಚು ಎಂದರೆ, ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದೇ ತಪ್ಪೇನೋ ಅನ್ನಿಸುತ್ತದೆ.

ಈ ಮ್ಯಾಗ್ನಮ್ ತೋಟಾ, ಅಂದರೆ ಗುಂಡೂ ಮದ್ದೂ ಸೇರಿದ ಕೊಳವೆ, ಮಾರುಕಟ್ಟೆಗೆ ಬಂದದ್ದು 1955ರ ಕೊನೆಯಲ್ಲಿ. ಎಲ್ಮರ್ ಕೀತ್ ಎಂಬ ರ್‍ಯಾಂಚಿನ ಮನುಷ್ಯ ಅದಕ್ಕೂ ಹಿಂದಿನ ವರ್ಷಗಳಲ್ಲಿ 1907ರ .44 ಸ್ಪೆಷಲ್ ತೋಟಾಕ್ಕೆ ಮದ್ದನ್ನು ಹೆಚ್ಚಿಸುತ್ತಾ ಹೋಗಿ, ಕಾರ್ಖಾನೆಯವರೇ ಇಂಥದ್ದೊಂದನ್ನು ಮಾಡಲಿ ಎಂದು ಪಟ್ಟುಹಿಡಿದಿದ್ದ. ಕೊನೆಗೆ ರೆಮಿಂಗ್ಟನ್ ತೋಟಾವನ್ನೂ ಸ್ಮಿತ್ ಅಂಡ್ ವೆಸನ್ ರಿವಾಲ್ವರನ್ನೂ ಮಾಡಿದವು. ರೂಗರ್ ತನ್ನ ಮೊದಲ .44 ಬ್ಲ್ಯಾಕ್‌ಹಾಕನ್ನು 1956ರಲ್ಲಿಯೂ, ಅದಕ್ಕಿಂತ ಗಟ್ಟಿಯಾದ ಸೂಪರ್ ಬ್ಲ್ಯಾಕ್‌ಹಾಕನ್ನು 1959ರಲ್ಲಿಯೂ ಹೊರತಂದಿತು. ಹೊಸ ತೋಟಾದ ಕೊಳವೆಯನ್ನು ಸ್ಪೆಷಲ್‌ಗಿಂತ ಇಂಚಿನ ಎಂಟನೆಯ ಒಂದು ಭಾಗದಷ್ಟು ಉದ್ದ ಮಾಡಿದ್ದಾರೆ. ಮ್ಯಾಗ್ನಮ್ ತೋಟಾ ಹಳೆಯ, ಬಲ ಸಾಲದ ರಿವಾಲ್ವರುಗಳ ಒಳಗೆ ಕೂರಬಾರದು ಎಂಬುದೇ ಅದರ ಉದ್ದೇಶ. ಆದರೆ ಚಿಕ್ಕದಾದ ಸ್ಪೆಷಲ್ ತೋಟಾ ಮ್ಯಾಗ್ನಮ್ ರಿವಾಲ್ವರಿನಲ್ಲಿ ಧಾರಾಳವಾಗಿ ಕೂರುತ್ತದೆ. ಜಮೀನಿನಲ್ಲಿ ಈ ರಿವಾಲ್ವರಿನ ನಿಜವಾದ ಬೆಲೆಯಿರುವುದು ಈ ಒಂದು ಸೌಲಭ್ಯದಲ್ಲಿ ಎಂಬುದು ನನ್ನ ಅಭಿಪ್ರಾಯ.

ಇದು ಸಿಂಗಲ್ ಆಕ್ಷನ್ ಆಯುಧ. ಅಂದರೆ ಪ್ರತಿ ಈಡಿಗೂ ಹೆಬ್ಬೆರಳಿನಿಂದ ಕುದುರೆಯನ್ನು, ಅಂದರೆ ಹಿಂಬದಿಯ ಬಡಿಯುವ ಸುತ್ತಿಗೆಯನ್ನು, ಹಿಂದಕ್ಕೆ ಎಳೆಯಬೇಕು. ಬರಿಯ ಟ್ರಿಗರ್ ಎಳೆದರೆ ಏನೂ ಆಗುವುದಿಲ್ಲ. ಬಲಬದಿಯ ಸಣ್ಣ ಬಾಗಿಲನ್ನು ತೆರೆದಾಗ ಆರು ಕೋಣೆಗಳ ಉರುಳೆ ಸಡಿಲಗೊಳ್ಳುತ್ತದೆ, ಒಂದೊಂದೇ ಕೋಣೆಯನ್ನು ಬಾಗಿಲಿನೆದುರಿಗೆ ತಿರುಗಿಸಿ ತೋಟಾ ತುಂಬಬೇಕು, ಖಾಲಿ ಕೊಳವೆಗಳನ್ನೂ ನಳಿಗೆಯ ಪಕ್ಕದ ಸರಳಿನಿಂದ ಹೀಗೆಯೇ ಒಂದೊಂದಾಗಿ ತಳ್ಳಬೇಕು. ಸ್ಮಿತ್ ಅಂಡ್ ವೆಸನ್‌ನ 29 ಅಥವಾ 629 ಮಾದರಿಯಂತೆ ಉರುಳೆ ಪಕ್ಕಕ್ಕೆ ತೆರೆದುಕೊಂಡು ಆರೂ ಕೊಳವೆಗಳು ಒಮ್ಮೆಗೇ ಉದುರುವ ಸುಖ ಇಲ್ಲಿಲ್ಲ. ಪೊಲೀಸನಿಗೆ ಇದು ದೊಡ್ಡ ಕೊರತೆಯಾದೀತು, ಆಡು ಕಾಯುವವನಿಗೆ ಅಲ್ಲ. ಈ ನಿಧಾನದಲ್ಲಿ ನನಗೆ ಒಂದು ಲಾಭವೂ ಕಂಡಿದೆ: ಯಾವ ಕೋಣೆಯಲ್ಲಿ ಯಾವ ತೋಟಾ ಇದೆಯೆಂಬುದು ತುಂಬಿದವನಿಗೆ ಕೈಯಲ್ಲಿಯೇ ನೆನಪಿರುತ್ತದೆ.

ಹಳೆಯದನ್ನು ಕೊಳ್ಳುವವರು ಮುಖ್ಯವಾಗಿ ಗಮನಿಸಬೇಕಾದ ವಿಷಯ ಸುರಕ್ಷತೆಯದು. 1973ಕ್ಕಿಂತ ಹಿಂದಿನ ಮಾದರಿಗಳಲ್ಲಿ, ಚೌಕಟ್ಟಿನ ಪಕ್ಕದಲ್ಲಿ ಮೂರು ತಿರುಪುಗಳಿರುವುದರಿಂದ ಜನ ಅವನ್ನು ‘ಮೂರು ತಿರುಪಿನದು’ ಎಂದೇ ಕರೆಯುತ್ತಾರೆ, ಕುದುರೆ ಕೆಳಗೆ ಕೂತಿದ್ದಾಗ ಮದ್ದು ಹೊತ್ತಿಸುವ ಸೂಜಿಯು ತೋಟಾದ ಹಿಂಬದಿಯ ಕೇಪಿನ ಮೇಲೆಯೇ ಕೂತಿರುತ್ತದೆ. ಆಯುಧ ಕೈಜಾರಿ ಕುದುರೆಯ ಮೇಲೆ ಬಿದ್ದರೆ ಈಡು ಹಾರಿಬಿಡಬಹುದು. ಆದ್ದರಿಂದ ಅವುಗಳಲ್ಲಿ ಐದೇ ತೋಟಾ ತುಂಬಿ ಕುದುರೆಯ ಕೆಳಗಿನ ಕೋಣೆಯನ್ನು ಖಾಲಿ ಬಿಡುವುದು ಕಡ್ಡಾಯ. 1973ರಿಂದ ಬಂದ ‘ನ್ಯೂ ಮಾಡೆಲ್’ನಲ್ಲಿ ಕುದುರೆ ಮತ್ತು ಸೂಜಿಯ ನಡುವೆ ಒಂದು ಉಕ್ಕಿನ ಪಟ್ಟಿಯಿದೆ, ಟ್ರಿಗರನ್ನು ಹಿಂದಕ್ಕೆ ಎಳೆದು ಹಿಡಿದಾಗ ಮಾತ್ರ ಅದು ಮೇಲೆದ್ದು ಕುದುರೆಯ ಹೊಡೆತವನ್ನು ಸೂಜಿಗೆ ಮುಟ್ಟಿಸುತ್ತದೆ. ಟ್ರಿಗರ್ ಎಳೆಯದಿದ್ದರೆ ಕುದುರೆಗೂ ಸೂಜಿಗೂ ಸಂಬಂಧವೇ ಇಲ್ಲ, ಆರೂ ಕೋಣೆ ತುಂಬಿ ನಡೆದಾಡಬಹುದು. ಹಳೆಯ ಮಾದರಿಗಳಿಗೆ ಇದೇ ಏರ್ಪಾಟನ್ನು ಕಂಪನಿಯೇ ಪುಕ್ಕಟೆಯಾಗಿ ಅಳವಡಿಸಿಕೊಡುತ್ತದೆ. ಸಂಗ್ರಹಕಾರರು ಮೂಲ ರೂಪ ಕೆಡುತ್ತದೆಂದು ಇದನ್ನು ಮಾಡಿಸುವುದಿಲ್ಲ, ಅದು ಅವರ ಶೋಕಿ. ಬೇಲಿ ಹತ್ತಿ ಇಳಿಯುವವರು ಮಾಡಿಸಿಕೊಳ್ಳಲೇಬೇಕು.

ಇನ್ನು ಹಂದಿಯ ವಿಷಯ. ಟೆಕ್ಸಾಸಿನಲ್ಲಿ ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ಕಾಡುಹಂದಿಗಳಿವೆಯೆಂದು ಅಂದಾಜು. ಇವು ಇಲ್ಲಿಯ ಮೂಲ ಪ್ರಾಣಿಗಳಲ್ಲ. ಯುರೋಪಿನವರು ತಂದ ಸಾಕುಹಂದಿಗಳೂ ನಂತರ ಬೇಟೆಗೆಂದೇ ತಂದು ಬಿಟ್ಟ ಹಂದಿಗಳೂ ಬೆರೆತು ಹುಟ್ಟಿದ ಸಂತಾನ. 2019ರ ಸೆಪ್ಟೆಂಬರಿನಿಂದ, ಜಮೀನಿನ ಒಡೆಯನ ಒಪ್ಪಿಗೆಯಿದ್ದರೆ ಖಾಸಗಿ ಜಾಗದಲ್ಲಿ ಅವುಗಳನ್ನು ಕೊಲ್ಲಲು ಬೇಟೆಯ ಲೈಸೆನ್ಸ್ ಕೂಡ ಬೇಕಿಲ್ಲ. ಊರಿನಲ್ಲಿ 1972ರ ವನ್ಯಜೀವಿ ಕಾಯ್ದೆಯ ಭಯದಲ್ಲಿ ಹಂದಿಯನ್ನು ಬರೀ ಓಡಿಸಿಯೇ ಬದುಕಿದವರಿಗೆ ಈ ಸ್ವಾತಂತ್ರ್ಯ ವಿಚಿತ್ರವಾಗಿ ತೋರುತ್ತದೆ. ಆದರೂ ಮೊದಲ ವರ್ಷ ನಾನು ಮಾಡಿದ್ದು ಊರಿನ ಕೆಲಸವನ್ನೇ: ಓಕ್ ಮರದ ಮೇಲೆ ಮರಸು ಕೂತೆ, ಅಂದರೆ ಅಡಗಿ ಹಂದಿಗೆ ಕಾದೆ, ಕೈಯಲ್ಲಿ ಈ ರಿವಾಲ್ವರ್.

ಆ ಅನುಭವದಿಂದ ಒಂದು ಮಾತನ್ನು ಖಚಿತವಾಗಿ ಹೇಳಬಲ್ಲೆ. 240 ಗ್ರೇನ್, ಅಂದರೆ ಹದಿನೈದೂವರೆ ಗ್ರಾಂ ತೂಕದ ಗುಂಡು ಸೆಕೆಂಡಿಗೆ 1200 ಅಡಿಗೂ ಮಿಕ್ಕಿದ ವೇಗದಲ್ಲಿ ಹೊರಟರೆ ಅದರ ಶಕ್ತಿಗೆ ಕೊರತೆಯೇನೂ ಇಲ್ಲ. ಗಂಡುಹಂದಿಯ ಹೆಗಲ ಮೇಲಿನ ದಪ್ಪ ಚರ್ಮದ ಗುರಾಣಿಯನ್ನು ಅದು ಸರಾಗವಾಗಿ ಹಾಯುತ್ತದೆ. ಕೊರತೆಯಿರುವುದು ಹೊಡೆಯುವವನ ಕೈಯಲ್ಲಿ. ಎರಡೂ ಕೈಗಳನ್ನು ಕೊಂಬೆಗೆ ಆನಿಸಿಕೊಂಡಾಗ ಐವತ್ತು ಗಜದಲ್ಲಿ ತಟ್ಟೆಯಗಲದ ಗುರಿಯನ್ನು ನಾನು ತಪ್ಪದೆ ಹೊಡೆಯುತ್ತೇನೆ. ಆಸರೆಯಿಲ್ಲದೆ ನಿಂತಾಗ ಅದೇ ನಂಬಿಕೆ ಇಪ್ಪತ್ತೈದು ಗಜಕ್ಕೆ ಮುಗಿಯುತ್ತದೆ. ಮುಸ್ಸಂಜೆಯಲ್ಲಿ ಹಂದಿ ಬರುವ ಹೊತ್ತಿಗೆ ತೆರೆದ ಗುರಿಕಣ್ಣುಗಳೂ ಕಾಣಿಸುವುದಿಲ್ಲ. ದುರ್ಬೀನು ಕೂರಿಸಲು ನಳಿಗೆಯ ಮೇಲೆ ಪಟ್ಟಿಯಿರುವ ‘ಹಂಟರ್’ ಮಾದರಿಯನ್ನು ರೂಗರ್ ಮಾರುತ್ತದೆ. ಆದರೆ ಅಷ್ಟೆಲ್ಲ ಏರಿಸಿಕೊಂಡ ಮೇಲೆ ಅದನ್ನು ಸೊಂಟದಲ್ಲಿ ಹೊರುವ ಅನುಕೂಲ ಹೋಯಿತು, ಆಗ ರೈಫಲ್ಲನ್ನೇ ಏಕೆ ಹಿಡಿಯಬಾರದು? ರಿವಾಲ್ವರಿನಿಂದಲೇ ಬೇಟೆಯಾಡುವವರಿಗೆ ಹತ್ತಿರ ಸರಿಯುವುದರಲ್ಲಿಯೇ ಸುಖವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಹಂದಿ ಕಡಿಮೆಯಾಗಬೇಕೆಂಬ ನನಗೆ ಅದು ಉಪಯೋಗಕ್ಕೆ ಬರಲಿಲ್ಲ.

ಎರಡನೆಯ ವರ್ಷ ಜೋಳ ಹಾಕಿ ಹಂದಿ ಕೂಡಿಸುವ ಕಬ್ಬಿಣದ ಬೋನು ತಂದೆವು. ರಿವಾಲ್ವರ್ ತನ್ನ ಜಾಗವನ್ನು ಕಂಡುಕೊಂಡದ್ದು ಅಲ್ಲಿ. ಬೋನಿನೊಳಗೆ ಹಂದಿ ನುಗ್ಗಾಡುತ್ತಿರುವಾಗ ಸರಳುಗಳ ಸಂದಿನಲ್ಲಿ ಉದ್ದ ನಳಿಗೆಯ ರೈಫಲ್ಲನ್ನು ತಿರುಗಿಸುವುದು ಕಷ್ಟ, ಅಪಾಯವೂ ಹೌದು. ಗಿಡ್ಡ ಆಯುಧವೊಂದರಿಂದ ನಾಲ್ಕಡಿ ದೂರದಲ್ಲಿ ತಲೆಗೆ ಒಂದೇ ಈಡು ಕೊಟ್ಟರೆ ಪ್ರಾಣಿಗೆ ನರಳಾಟವಿಲ್ಲ. ಈ ಕೆಲಸಕ್ಕೆ ಮ್ಯಾಗ್ನಮ್ ಬೇಕಾಗಿಲ್ಲ, ಬೇಡವೂ ಬೇಡ. ಸುಣ್ಣಕಲ್ಲಿನ ನೆಲದ ಮೇಲೆ ಮ್ಯಾಗ್ನಮ್ ಗುಂಡು ಹಂದಿಯನ್ನು ಹಾಯ್ದು ಕಲ್ಲಿಗೆ ಬಡಿದು ಎತ್ತ ಚಿಮ್ಮೀತೆಂದು ಹೇಳಲಾಗದು. .44 ಸ್ಪೆಷಲ್ ತೋಟಾದ ಮಂದಗತಿಯ ಸೀಸದ ಗುಂಡು ಸಾಕು. ಅದರಲ್ಲಿಯೂ ಬೋನಿನ ಹಿಂದೆ ಮಣ್ಣಿನ ಒಡ್ಡು ಹಾಕಿಸಿದ ಮೇಲೆಯೇ ನನಗೆ ಧೈರ್ಯ ಬಂದದ್ದು. ಕಾಲು ಮುರಿದು, ಪಶುವೈದ್ಯರು ಕೈಚೆಲ್ಲಿದ ಆಡೊಂದಕ್ಕೆ ಕೊನೆಯ ಉಪಕಾರ ಮಾಡಬೇಕಾಗಿ ಬಂದಾಗಲೂ ಇದೇ ತೋಟಾ ಬಳಸಿದ್ದೇನೆ. ಅದರ ಬಗ್ಗೆ ಹೆಚ್ಚು ಬರೆಯಲು ಮನಸ್ಸಾಗುವುದಿಲ್ಲ.

ಮೂರನೆಯ ಬಳಕೆ ಹಾವಿಗೆ. ನೀರಿನ ತೊಟ್ಟಿಯ ಬುಡದಲ್ಲಿ ಡೈಮಂಡ್‌ಬ್ಯಾಕ್ ಎಂಬ ಬುಡುಬುಡಿಕೆ ಹಾವು ಸುರುಳಿ ಸುತ್ತಿ ಮಲಗುವುದು ಇಲ್ಲಿ ಸಾಮಾನ್ಯ. ಪ್ಲಾಸ್ಟಿಕ್ ಗೂಡಿನಲ್ಲಿ ಸಾಸಿವೆಯಂಥ ಚರೆ ತುಂಬಿದ .44 ತೋಟಾಗಳನ್ನು ಸಿಸಿಐ ಕಂಪನಿ ಮಾಡುತ್ತದೆ. ನಳಿಗೆಯ ಸುರುಳಿಗೆರೆಗಳು ಚರೆಯನ್ನು ಬೇಗನೆ ಚದುರಿಸಿಬಿಡುವುದರಿಂದ ಎಂಟು ಹತ್ತು ಅಡಿಯ ಆಚೆಗೆ ಇವನ್ನು ನೆಚ್ಚಿಕೊಳ್ಳಬಾರದು. ಅಷ್ಟರೊಳಗೆ ಮಾತ್ರ ಬಹಳ ಚೆನ್ನಾಗಿ ಕೆಲಸ ಮಾಡುತ್ತವೆ. ಸ್ವಯಂಚಾಲಿತ ಪಿಸ್ತೂಲು ಬಲ ಕಡಿಮೆಯಿರುವ ಇಂಥ ತೋಟಾಗಳನ್ನು ಕೆಲವೊಮ್ಮೆ ಹೊರಹಾಕದೆ ಕಚ್ಚಿಕೊಳ್ಳುತ್ತದೆ, ರಿವಾಲ್ವರಿಗೆ ಆ ತಾಪತ್ರಯವಿಲ್ಲ, ಅದನ್ನು ತಿರುಗಿಸುವುದು ನಮ್ಮ ಹೆಬ್ಬೆರಳು. ಬೇಸಿಗೆಯಲ್ಲಿ ನಾನು ಮೊದಲ ಎರಡು ಕೋಣೆಗಳಿಗೆ ಚರೆ, ಉಳಿದ ನಾಲ್ಕಕ್ಕೆ ಸ್ಪೆಷಲ್ ತುಂಬಿಕೊಂಡು ಹೊರಡುತ್ತೇನೆ. ದಾರಿಗಡ್ಡ ಬಾರದ ಹಾವನ್ನು ಅದರ ಪಾಡಿಗೆ ಬಿಡುತ್ತೇನೆ. ಇಲಿ ತಿನ್ನುವುದು ಅದೇ.

ಮ್ಯಾಗ್ನಮ್ ತೋಟಾದ ಒದೆತದ ಬಗ್ಗೆ ಬಹಳ ಉತ್ಪ್ರೇಕ್ಷೆಯ ಮಾತುಗಳಿವೆ. ಆಯುಧ ಸುಮಾರು 1.36 ಕಿಲೋ ತೂಗುತ್ತದೆ, ಹಿಡಿಯ ಬಾಗು ಕೈಯೊಳಗೆ ಮೇಲಕ್ಕೆ ಉರುಳುವಂತಿದೆ, ಆದ್ದರಿಂದ ಪೆಟ್ಟು ಅಂಗೈಗೆ ಅಷ್ಟಾಗಿ ನಾಟುವುದಿಲ್ಲ. ನಾಟುವುದು ನಡುಬೆರಳಿನ ಗೆಣ್ಣಿಗೆ. ಈ ಉದ್ದ ನಳಿಗೆಯ ಮಾದರಿಯಲ್ಲಿ ಟ್ರಿಗರ್ ಗಾರ್ಡಿನ, ಅಂದರೆ ಟ್ರಿಗರ್ ಸುತ್ತಿನ ಬಳೆಯ, ಹಿಂಬದಿ ಹಳೆಯ ಕೋಲ್ಟ್ ಡ್ರಗೂನ್ ರಿವಾಲ್ವರಿನ ಶೈಲಿಯಲ್ಲಿ ಚೌಕಾಕಾರವಾಗಿದೆ; ನೋಡಲು ಚೆಂದ, ಇಪ್ಪತ್ತು ಈಡು ಮುಗಿಯುವಷ್ಟರಲ್ಲಿ ಗೆಣ್ಣು ಊದಿಕೊಳ್ಳುತ್ತದೆ. ಒದೆತಕ್ಕಿಂತ ಹೆಚ್ಚು ಹೆದರಬೇಕಾದದ್ದು ಸದ್ದಿಗೆ. 140 ಡೆಸಿಬೆಲ್ ಮೀರಿದ ಸದ್ದು ಒಂದೇ ಒಂದು ಸಲ ಬಡಿದರೂ ಕಿವಿಗೆ ಶಾಶ್ವತ ಹಾನಿಯಾಗಬಹುದು, ಈ ಮ್ಯಾಗ್ನಮ್ 160ನ್ನೂ ದಾಟುತ್ತದೆ. ಕಿವಿಮುಚ್ಚು ಇಲ್ಲದೆ ಬೋನಿನ ಹತ್ತಿರ ಒಮ್ಮೆ ಹೊಡೆದು ಎರಡು ದಿನ ಕಿವಿಯಲ್ಲಿ ಜೀರುಂಡೆ ಸಾಕಿಕೊಂಡಿದ್ದೆ. ಅಂದಿನಿಂದ ಕಿವಿಮುಚ್ಚು ರಿವಾಲ್ವರಿನ ಬೆಲ್ಟಿನಲ್ಲಿಯೇ ತೂಗುತ್ತದೆ. ಉರುಳೆಗೂ ನಳಿಗೆಗೂ ನಡುವಿನ ಸಂದಿನಿಂದ ಬೆಂಕಿಯಂಥ ಹಬೆ ಪಕ್ಕಕ್ಕೆ ಚಿಮ್ಮುವುದರಿಂದ, ರೈಫಲ್ ಹಿಡಿದ ಅಭ್ಯಾಸದಲ್ಲಿ ಎಡಗೈಯನ್ನು ಮುಂದಕ್ಕೆ ಚಾಚಲೂಬಾರದು.

ತೋಟಾದ ಖರ್ಚು ಹಗುರವಲ್ಲ. ಮ್ಯಾಗ್ನಮ್ ಒಂದೊಂದಕ್ಕೂ ಒಂದು ಡಾಲರಿಗೆ ಮೇಲಾಗುತ್ತದೆ, ಸ್ಪೆಷಲ್ ಕೂಡ ಅಗ್ಗವೇನಲ್ಲ. ಇದಕ್ಕಿಂತ ದೊಡ್ಡದು ಬೇಕೆನ್ನುವವರಿಗೆ .454 ಕಸುಲ್ ಇದೆ, 2003ರಲ್ಲಿ ಬಂದ ಐದು ಕೋಣೆಯ .500 ಸ್ಮಿತ್ ಅಂಡ್ ವೆಸನ್ ಇದೆ. ಉದ್ದ ನಳಿಗೆಯ .500 ಎರಡು ಕಿಲೋ ಮುಟ್ಟುತ್ತದೆ. ಅಲಾಸ್ಕದಲ್ಲಿ ಕಂದು ಕರಡಿಯ ದಾರಿಯಲ್ಲಿ ಮೀನು ಹಿಡಿಯುವವನಿಗೆ ಅದರ ಅರ್ಥವಿರಬಹುದು, ಆಡಿನ ಕೊಟ್ಟಿಗೆಯಲ್ಲಿ ಅದೊಂದು ಕಬ್ಬಿಣದ ಹೊರೆ.

ನಮ್ಮವರಿಗೆ ಒಂದು ಎಚ್ಚರಿಕೆ. ಇಲ್ಲಿ ಪರವಾನಗಿಯುಳ್ಳ ಅಂಗಡಿಯಿಂದ ರಿವಾಲ್ವರ್ ಕೊಳ್ಳಲು 21 ವರ್ಷ ತುಂಬಿರಬೇಕು, 4473 ಎಂಬ ಅರ್ಜಿ ತುಂಬಿ ಹಿನ್ನೆಲೆಯ ತಪಾಸಣೆಗೆ ಒಳಪಡಬೇಕು. ಗ್ರೀನ್ ಕಾರ್ಡ್ ಇದ್ದವರಿಗೆ ತೊಂದರೆಯಿಲ್ಲ. ಎಚ್-1ಬಿಯಂಥ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳುವುದೇ ಸಾಮಾನ್ಯವಾಗಿ ಫೆಡರಲ್ ಅಪರಾಧ, ಬೇಟೆಯ ಲೈಸೆನ್ಸ್ ಹೊಂದಿರುವುದೇ ಮೊದಲಾದ ಕೆಲವೇ ವಿನಾಯಿತಿಗಳಿವೆ. ಗೆಳೆಯರ ಮಾತು ಕೇಳಿ ಅಂಗಡಿಗೆ ಹೋಗುವ ಮೊದಲು ವಕೀಲರನ್ನು ಕೇಳುವುದು ಲೇಸು.

ಚರ್ಮದ ಒರೆಯೊಂದನ್ನು ಬೇರೊಂದು ಅಂಗಡಿಯಲ್ಲಿ ಕೊಂಡಿದ್ದೆ, ಆರು ತಿಂಗಳಿಗೆ ಅದರ ಹೊಲಿಗೆ ಬಿಚ್ಚಿ ರಿವಾಲ್ವರ್ ಹುಲ್ಲಿನಲ್ಲಿ ಬಿತ್ತು. ಆಗಲೇ ಆ ಉಕ್ಕಿನ ಪಟ್ಟಿಯ ಬೆಲೆ ತಿಳಿದದ್ದು. ಈಗ ಎದೆಗೆ ಅಡ್ಡಲಾಗಿ ಕಟ್ಟುವ ಒರೆ ಬಳಸುತ್ತಿದ್ದೇನೆ, ಏಕೆಂದರೆ ಟ್ರ್ಯಾಕ್ಟರಿನಲ್ಲಿ ಕೂತಾಗ ಏಳೂವರೆ ಇಂಚಿನ ನಳಿಗೆ ಸೊಂಟದಿಂದ ಸೀಟಿಗೆ ಚುಚ್ಚಿ ಹಿಡಿಯನ್ನು ಪಕ್ಕೆಲುಬಿಗೆ ತಿವಿಯುತ್ತದೆ. ಇನ್ನೊಮ್ಮೆ ಕೊಳ್ಳುವುದಾದರೆ ಇದನ್ನೇ ಕೊಳ್ಳುತ್ತೇನೆ, ಆದರೆ ನಾಲ್ಕೂ ಐದೆಂಟಾಂಶ (4⅝) ಇಂಚಿನ ಗಿಡ್ಡ ನಳಿಗೆಯದನ್ನು. ಅದರ ಗಾರ್ಡಿನ ಹಿಂಬದಿ ದುಂಡಗಿರುತ್ತದೆ, ಗೆಣ್ಣೂ ಉಳಿಯುತ್ತದೆ. ಭಾವ ಈಗಾಗಲೇ ನನ್ನದರ ಮೇಲೆ ಕಣ್ಣಿಟ್ಟಿದ್ದಾನೆ. ಅವನಿಗೆ ಮರಸು ಕೂರುವ ಹುಚ್ಚು ಇನ್ನೂ ಬಿಟ್ಟಿಲ್ಲ.