ಅಕ್ವೇರಿಯಂ ಗ್ಲಾಸಿನ ಮೇಲಿನ ಗುಲಾಬಿ ಹಕ್ಕಳೆಗೆ ‘ಔಷಧಿ’ ಕೊಡ್ತೀನಿ ಅಂದ್ರೆ ದಯವಿಟ್ಟು ತಗೋಬೇಡಿ

ಇದನ್ನ ಬರೆಯೋಕೆ ನಂಗೇ ನಾಚಿಕೆ ಆಗ್ತಿದೆ. ನಾಲ್ಕು ವರ್ಷ ಸಿಹಿನೀರಿನ ಮೀನು ಸಾಕಿ, ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಮೂರು ಮನೆಗೆ ಟ್ಯಾಂಕ್ ಇಡಿಸಿ, ಎಲ್ಲರಿಗೂ ಬುದ್ಧಿ ಹೇಳ್ತಾ ಓಡಾಡ್ತಿದ್ದವನು ನಾನು. ಉಪ್ಪುನೀರಿನ ಮೀನು ಸಾಕೋಕೆ ಇಳಿದ ಒಂದೇ ವರ್ಷಕ್ಕೆ ನೀಟಾಗಿ ಟೋಪಿ ಹಾಕಿಸ್ಕೊಂಡೆ.

36 ಇಂಚು ಉದ್ದ, 15 ಅಗಲ, 18 ಎತ್ತರದ ಟ್ಯಾಂಕು. ಎರಡು ಕ್ಲೌನ್ ಮೀನು, ಏಳು ಟರ್ಬೊ ಬಸವನಹುಳು, ಒಂದು ಕ್ಲೀನರ್ ಶ್ರಿಂಪ್, ಅಂದ್ರೆ ಸಿಗಡಿ. ಕೋರಲ್ (ಹವಳ) ಇಲ್ಲ. ಎಂಟನೇ ತಿಂಗಳಲ್ಲಿ ಗ್ಲಾಸಿನ ಮೇಲೆ ಗುಲಾಬಿ ಚುಕ್ಕೆ ಶುರುವಾಯ್ತು. ಮೊದಲು ಸಾಸಿವೆಯಷ್ಟು, ಆಮೇಲೆ ಒಂದು ರೂಪಾಯಿ ನಾಣ್ಯದಷ್ಟು, ಆಮೇಲೆ ಒಂದಕ್ಕೊಂದು ಕೂಡಿ ನೇರಳೆ ಬಣ್ಣದ ಗಟ್ಟಿ ಹಕ್ಕಳೆ. ಸ್ಪಂಜಿನಲ್ಲಿ ಉಜ್ಜಿದ್ರೆ ಸ್ಪಂಜೇ ಹರಿಯುತ್ತೆ, ಅದು ಜಪ್ಪಯ್ಯ ಅನ್ನಲ್ಲ. ಹೆಂಡತಿ ‘ಬಣ್ಣ ಚೆನ್ನಾಗೇ ಇದೆಯಲ್ಲ, ಇರ್ಲಿ ಬಿಡಿ’ ಅಂದ್ಲು. ಆ ಮಾತು ಕೇಳಿದ್ರೆ ಆಗೋದು. ಕೇಳ್ಲಿಲ್ಲ.

ಮೀನು ತಗೊಂಡಿದ್ದ ಅಂಗಡಿಯವನಿಗೆ ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದೆ. ಎರಡೇ ನಿಮಿಷಕ್ಕೆ ಉತ್ತರ: ‘ಸರ್ ಇದು ಡೇಂಜರ್ ಫಂಗಸ್. ಬಿಟ್ರೆ ಮೀನಿಗೂ ಹತ್ತುತ್ತೆ. ಬಾಟ್ಲಿ ಕಳಿಸ್ತೀನಿ.’ 1,200 ರೂಪಾಯಿ. ಮೀನಿಗೆ ಹತ್ತುತ್ತೆ ಅಂದ ತಕ್ಷಣ ನನ್ನ ತಲೆ ಓಡೋದು ನಿಂತುಹೋಯ್ತು, ಕೈ ಗೂಗಲ್ ಪೇ ಕಡೆ ಓಡ್ತು. ಶ್ರಿಂಪ್ ಇದೆ, ತೊಂದರೆ ಇಲ್ವಾ ಅಂತ ಕೇಳಿದ್ದೆ, ಇದು ನೆನಪಿರಲಿ, ಕೇಳಿದ್ದೆ. ‘ಹಂಡ್ರೆಡ್ ಪರ್ಸೆಂಟ್ ಸೇಫ್ ಸರ್.’

ರಾತ್ರಿ ಅವನು ಹೇಳಿದಷ್ಟೇ, 40 ಎಂಎಲ್ ಹಾಕಿದೆ. ಬೆಳಗ್ಗೆ ಏಳು ಬಸವನಹುಳುವೂ ಗ್ಲಾಸಿಂದ ಕಳಚಿ ಮರಳಿನ ಮೇಲೆ ಅಂಗಾತ. ಶ್ರಿಂಪ್ ಪಂಪಿನ ಮೂಲೇಲಿ ಪಕ್ಕಕ್ಕೆ ಬಿದ್ದಿತ್ತು, ಕಾಲು ಮಾತ್ರ ಅಲ್ಲಾಡ್ತಿತ್ತು. ಅದಕ್ಕೆ ನನ್ನ ಮಗಳು ‘ಡಾಕ್ಟ್ರು’ ಅಂತ ಹೆಸರಿಟ್ಟಿದ್ಲು. ನೀರಿಗೆ ಕೈ ಹಾಕಿದ್ರೆ ಬಂದು ಕೂತು ಉಗುರಿನ ಸಂದಿಯೆಲ್ಲ ಕೆದಕಿ ಕ್ಲೀನ್ ಮಾಡ್ತಿತ್ತು. ಅವಳು ಸ್ಕೂಲಿಂದ ಬರೋ ಹೊತ್ತಿಗೆ ಅದೂ ಮುಗೀತು.

ಬಾಟ್ಲಿ ಎತ್ತಿ ನೋಡಿದೆ. ಬೆಲೆಯ ಸ್ಟಿಕ್ಕರ್ ಒಂದು ಕಡೆ ಸೊಟ್ಟಗೆ ಅಂಟಿಸಿತ್ತು. ಉಗುರಲ್ಲಿ ಎಬ್ಬಿಸಿದೆ. ಕೆಳಗೆ ಇರುವೆ ಅಕ್ಷರದಲ್ಲಿ: ಕಾಪರ್ ಸಲ್ಫೇಟ್, ಶ್ರಿಂಪ್ ಮತ್ತು ಬಸವನಹುಳು ಇರುವ ಟ್ಯಾಂಕಿಗೆ ಬಳಸಬಾರದು. ಆ ಸ್ಟಿಕ್ಕರ್ ಅಲ್ಲಿಗೇ ಬಂದು ಕೂತಿದ್ದು ಆಕಸ್ಮಿಕವೋ ಏನೋ, ಇವತ್ತಿಗೂ ಗೊತ್ತಿಲ್ಲ. ತಾಮ್ರ ಮೀನಿಗೆ ಹೇಗೋ ಸಹಿಸ್ಕೊಳ್ಳೋಕಾಗುತ್ತೆ, ಬೆನ್ನೆಲುಬಿಲ್ಲದ ಜೀವಕ್ಕೆ ವಿಷ. ಇದು ಗೊತ್ತಿರಬೇಕಾದವನು ನಾನೇ.

ಅವನಿಗೆ ಹೇಳಿದ್ರೆ: ‘ನ್ಯಾಚುರಲ್ ಡೆತ್ ಸರ್.’ ಏಳು ಹುಳ, ಒಂದು ಶ್ರಿಂಪ್, ಒಂದೇ ರಾತ್ರಿ, ನ್ಯಾಚುರಲ್! ಆಮೇಲೆ: ‘ನಿಮ್ ನೀರೇ ಸರಿ ಇಲ್ಲ ಸರ್.’

ಇಷ್ಟಾದ್ರೂ ಆ ಹಕ್ಕಳೆ ಹೋಯ್ತಾ? ಇಲ್ಲ. ಅಲ್ಲಲ್ಲಿ ಬೆಳ್ಳಗಾಯ್ತು, ಅಷ್ಟೇ. ಸತ್ತರೂ ಅಂಟಿಕೊಂಡೇ ಇತ್ತು. ಆಗ ಅವನೇ ‘ಡೀಪ್ ಕ್ಲೀನಿಂಗ್ ಮಾಡ್ಕೊಡ್ತೀವಿ, 2,500’ ಅಂದ. ನಾನು, ಹೇಳೋಕೆ ನಾಚಿಕೆ, ಮತ್ತೆ ಒಪ್ಪಿದೆ. ಬಂದ ಹುಡುಗ ಗ್ಲಾಸು ಉಜ್ಜೋ ಮ್ಯಾಗ್ನೆಟ್‌ನ ಮರಳಿಗೆ ತಾಗಿಸಿಕೊಂಡೇ ಎಳೆದ. ಒಂದು ಕಾಳು ಮರಳು ಒಳಗೆ ಸಿಕ್ಕಿ, ಮುಂದಿನ ಗ್ಲಾಸಿನ ಮೇಲೆ ಈ ಕಡೆಯಿಂದ ಆ ಕಡೆಗೆ ಗೀಟು. ಆಮೇಲೆ ಬ್ಲೇಡ್ ತಗೊಂಡು ಮೂಲೆ ಮೂಲೆ ಕೆರೆದ. ಮೂಲೇಲಿ ಇರೋದು ಗ್ಲಾಸು ಅಂಟಿಸಿರೋ ಸಿಲಿಕಾನ್ ಕಣಪ್ಪಾ ಅಂದ್ರೆ ‘ಗೊತ್ತು ಸಾರ್’. ಮೂರನೇ ದಿನಕ್ಕೆ ಸ್ಟ್ಯಾಂಡಿನ ಪ್ಲೈವುಡ್ ಒದ್ದೆ. ಅದಕ್ಕೂ ಉತ್ತರ ರೆಡಿ: ‘ಸಿಲಿಕಾನ್ ಹಳೇದಾಗಿತ್ತು ಸರ್.’ ಒಂದು ವರ್ಷದ ಟ್ಯಾಂಕು!

ಜಗಳ ಆಡೋಕೆ ಅಂಗಡಿಗೇ ಹೋದೆ. ಅವನು ಫೋನಲ್ಲಿದ್ದ, ಕಾಯ್ತಾ ನಿಂತೆ. ಎದುರಿನ ಶೆಲ್ಫಲ್ಲಿ ಒಂದು ಬಾಟ್ಲಿ, ಮೇಲೆ ನನ್ನ ಗ್ಲಾಸಿನದೇ ಚಿತ್ರ ಅನ್ನೋ ಹಾಗೆ ಗುಲಾಬಿ, ನೇರಳೆ ಕಲ್ಲು. ಕೊರಲೈನ್ ಪಾಚಿ ಬೆಳೆಸುವ ಬಾಟ್ಲಿ, 1,850 ರೂಪಾಯಿ. ನನ್ನ ಮನೇಲಿ ಪುಕ್ಕಟೆ ಬೆಳೆದಿದ್ದನ್ನ ಜನ ದುಡ್ಡು ಕೊಟ್ಟು ತಗೊಂಡು ಹೋಗಿ ಬೆಳೆಸ್ತಾರೆ, ಅದನ್ನ ನಾನು ದುಡ್ಡು ಕೊಟ್ಟು ಸಾಯಿಸಿದೆ. ಎರಡೂ ಬಾಟ್ಲಿ ಒಂದೇ ಅಂಗಡಿಯದು. ಕಿವಿ ಬಿಸಿಯಾಯ್ತು. ಬಾಟ್ಲಿ ಎತ್ತಿ ಅವನ ಮುಂದೆ ಇಟ್ಟು ಇದೇನು ಅಂದೆ. ನೋಡಿದ, ಒಂದು ಸ್ವಲ್ಪವೂ ಮುಖ ಕೆಡಲಿಲ್ಲ. ‘ಅದು ಬೇರೆ ಕಸ್ಟಮರ್‌ಗೆ ಸರ್.’

ಬೇರೆ ಕಸ್ಟಮರ್‌ಗೆ.

ಕೊರಲೈನ್ ಅಂದ್ರೆ ಫಂಗಸ್ ಅಲ್ಲ, ರೋಗವೂ ಅಲ್ಲ. ಕೆಂಪು ಪಾಚಿಯ ಜಾತಿ, ನೀರಿನ ಕ್ಯಾಲ್ಸಿಯಂ ಎಳ್ಕೊಂಡು ಸುಣ್ಣದ ಕವಚ ಕಟ್ಟುತ್ತೆ. ಅದಕ್ಕೇ ಅಷ್ಟು ಗಟ್ಟಿ, ಅದಕ್ಕೇ ಸತ್ತ ಮೇಲೂ ಬಿಡಲ್ಲ. ಕ್ಯಾಲ್ಸಿಯಂ, ಆಲ್ಕಲಿನಿಟಿ (ಆಮ್ಲ ತಡೆಯೋ ನೀರಿನ ಶಕ್ತಿ) ಸರಿ ಇದ್ರೇನೇ ಬೆಳೆಯೋದು. ನನ್ನ ‘ಸರಿ ಇಲ್ಲದ’ ನೀರಿನ ಕ್ಯಾಲ್ಸಿಯಂ ಆಗ 420 ಪಿಪಿಎಂ ಇತ್ತು, ಅಂದ್ರೆ ಸರಿಯಾಗೇ ಇತ್ತು.

ನಿಮ್ಮ ಗ್ಲಾಸಲ್ಲೂ ಏನಾದ್ರೂ ಕೂತಿದ್ರೆ ಮೊದಲು ಬೆರಳಲ್ಲಿ ಉಜ್ಜಿ. ಕಂದು ಪುಡಿ ಥರ ಹೋದ್ರೆ ಡಯಾಟಮ್ ಅನ್ನೋ ಸೂಕ್ಷ್ಮ ಪಾಚಿ, ಹೊಸ ಟ್ಯಾಂಕಲ್ಲಿ ಬಂದು ಹೋಗುತ್ತೆ. ಕಡುಗೆಂಪು ಲೋಳೆ ಹಾಳೆ ಥರ ಎದ್ದು ಬಂದ್ರೆ ಸಯನೋ ಅನ್ನೋ ಬ್ಯಾಕ್ಟೀರಿಯಾ, ಅದರ ಕಥೆ ಬೇರೆ. ಸಾಸಿವೆಗಿಂತ ಸಣ್ಣ ಬಿಳಿ ಸುರುಳಿ ಇದ್ರೆ ನಿರುಪದ್ರವಿ ಹುಳದ ಮನೆ, ಬಿಟ್ಬಿಡಿ. ಗುಲಾಬಿಯಾಗಿ ಗಟ್ಟಿ ಇದ್ರೆ ಒಂದು ಚೂರು ಕೆರೆದು ವಿನಿಗರ್‌ಗೆ ಹಾಕಿ, ಗುಳ್ಳೆ ಬಂದ್ರೆ ಸುಣ್ಣ, ಅಂದ್ರೆ ಇದೇ. ಲೋಟದಲ್ಲಿ ಮಾಡಿ, ಟ್ಯಾಂಕಿಗೆ ಸುರೀಬೇಡಿ ಮತ್ತೆ. ಮುಂದಿನ ಗ್ಲಾಸು ಮಾತ್ರ ವಾರಕ್ಕೊಂದ್ಸಲ ಹಳೇ ಎಟಿಎಂ ಕಾರ್ಡಲ್ಲಿ ಕೆರೆಯಿರಿ, ಎಳಸಿದ್ದಾಗ ಸುಲಭವಾಗಿ ಬರುತ್ತೆ. ಬಲಿತಿದ್ದಕ್ಕೆ ಬ್ಲೇಡ್ ಬೇಕು, ಸಿಲಿಕಾನ್‌ನಿಂದ ದೂರ. ಟ್ಯಾಂಕ್ ಅಕ್ರಿಲಿಕ್ ಆಗಿದ್ರೆ ಬ್ಲೇಡ್ ಮುಟ್ಟಲೇಬೇಡಿ. ಹಿಂದಿನ ಗ್ಲಾಸು ಹಾಗೇ ಇರ್ಲಿ, ನನ್ನ ಹೆಂಡತಿ ಹೇಳಿದ ಹಾಗೆ ಬಣ್ಣ ಚೆನ್ನಾಗಿರುತ್ತೆ. ಮತ್ತೆ ಫೋಟೊ ನೋಡಿ ಎರಡು ನಿಮಿಷಕ್ಕೆ ಔಷಧಿ ಹೇಳೋನ ನಂಬರ್ ಬ್ಲಾಕ್ ಮಾಡಿ.

ನಾನು ಬ್ಲಾಕ್ ಮಾಡಿರಲಿಲ್ಲ. ಮೊನ್ನೆ ಎಲ್ಲರಿಗೂ ಹೋಗೋ ಮೆಸೇಜ್ ನಂಗೂ ಬಂತು: ‘ಫ್ರೆಶ್ ಸ್ಟಾಕ್ ಸರ್, ಕ್ಲೀನರ್ ಶ್ರಿಂಪ್.’ ಮಗಳು ಫೋನ್ ನೋಡಿ ಡಾಕ್ಟ್ರನ್ನ ತರೋಣ್ವಾ ಅಂದ್ಲು. ತಾಮ್ರ ಅನ್ನೋದು ಕಲ್ಲು, ಮರಳಿಗೆಲ್ಲ ಹಿಡಿದುಕೊಂಡು ನಿಧಾನಕ್ಕೆ ಮತ್ತೆ ನೀರಿಗೆ ಬಿಡುತ್ತಂತೆ. ಅದನ್ನ ಹೀರೋಕೆ ಇಟ್ಟ ಕಾರ್ಬನ್ ಎರಡು ಸಲ ಬದಲಾಯಿಸಿದೆ, ಕಾಪರ್ ಟೆಸ್ಟಿನ ಬಣ್ಣ ಇನ್ನೂ ಸೊನ್ನೆಗೆ ಬಂದಿಲ್ಲ. ಈ ಭಾನುವಾರ ಮತ್ತೆ ಟೆಸ್ಟ್ ಮಾಡ್ತೀನಿ ಅಂದಿದ್ದೀನಿ.