ಓಯ್‌ಸ್ಟಿನ್ಸ್, ಗ್ಯಾಪ್, ಹೋಲ್‌ಟೌನ್: ಬಾರ್ಬಡೋಸ್‌ನಲ್ಲಿ ರಾತ್ರಿ ಊಟಕ್ಕೆ ಎಲ್ಲಿ ದುಡ್ಡು ಬಿಚ್ಚಬೇಕು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಓಯ್‌ಸ್ಟಿನ್ಸ್‌ಗೆ. ಬಾರ್ಬಡೋಸ್‌ನಲ್ಲಿ ರಾತ್ರಿ ಹೊರಗೆ ಉಂಡು ಒಂದಿಷ್ಟು ಹೊತ್ತು ಕಳೆಯಬೇಕು ಅಂದರೆ ಮೂರು ಜಾಗಗಳ ಹೆಸರು ಕೇಳಿಬರುತ್ತದೆ. ದಕ್ಷಿಣ ತೀರದ ಮೀನುಗಾರರ ಊರು ಓಯ್‌ಸ್ಟಿನ್ಸ್. ಅಲ್ಲಿಂದ ರಾಜಧಾನಿ ಬ್ರಿಡ್ಜ್‌ಟೌನ್ ಕಡೆಗೆ ಸುಮಾರು ನಾಲ್ಕು ಕಿಲೋಮೀಟರ್ ಬಂದರೆ ಸೇಂಟ್ ಲಾರೆನ್ಸ್ ಗ್ಯಾಪ್, ಊರವರ ಬಾಯಲ್ಲಿ ಬರೀ ‘ಗ್ಯಾಪ್’. ಪಶ್ಚಿಮ ತೀರದಲ್ಲಿ ಹಣವಂತರ ಹೋಲ್‌ಟೌನ್. ಮೂರೂ ಕಡೆ ಸಿಗುವುದು ಹೆಚ್ಚುಕಡಿಮೆ ಅದೇ ಮೀನು, ಅದೇ ರಮ್. ಬಿಲ್ಲು ಮಾತ್ರ ಒಂದಕ್ಕೆರಡು, ಕೆಲವೊಮ್ಮೆ ಒಂದಕ್ಕೆ ಮೂರು.

ಓಯ್‌ಸ್ಟಿನ್ಸ್‌ನಲ್ಲಿ ಮೀನು ಮಾರುಕಟ್ಟೆಯ ಪಕ್ಕದಲ್ಲೇ, ಕಡಲಿಗೆ ಅಂಟಿಕೊಂಡ ಬಯಲಿನಲ್ಲಿ ಸಾಲುಸಾಲು ಅಂಗಡಿಗಳಿವೆ. ಅಂಗಡಿ ಮುಂದೆ ಹೊಗೆಯಾಡುವ ಜಾಲರಿ, ಉದ್ದುದ್ದ ಬೆಂಚು, ಬೋರ್ಡಿನಲ್ಲಿ ಮೀನಿನ ಪಟ್ಟಿ: ಮಾರ್ಲಿನ್, ಸ್ವೋರ್ಡ್‌ಫಿಶ್, ಟ್ಯೂನಾ, ರೆಡ್ ಸ್ನ್ಯಾಪರ್, ಹಾರುಮೀನು, ಜೊತೆಗೆ ‘ಡಾಲ್ಫಿನ್’. ಗಾಬರಿ ಬೇಡ, ಅದು ಮಾಹಿಮಾಹಿ ಮೀನಿಗೆ ಅಲ್ಲಿನ ಹೆಸರು. ಬಂದವರಲ್ಲಿ ಮುಕ್ಕಾಲು ಜನ ಮಾರ್ಲಿನ್ ಕೇಳುತ್ತಾರೆ. ಅದು ಅಂಜಲ್ ತುಂಡಿಗಿಂತ ಗಟ್ಟಿ ಮೀನು, ಕೊಬ್ಬು ಕಡಿಮೆ. ಜಾಲರಿಯ ಮೇಲೆ ಎರಡು ನಿಮಿಷ ಹೆಚ್ಚಾದರೆ ಸಾಕು, ಹತ್ತಿ ಅಗಿದ ಹಾಗಾಗುತ್ತದೆ. ಜನ ಮುಗಿಬಿದ್ದ ಹೊತ್ತಿನಲ್ಲಿ ಮೊದಲೇ ಸುಟ್ಟು ಅಂಚಿಗೆ ಸರಿಸಿಟ್ಟ ತುಂಡೇ ತಟ್ಟೆಗೆ ಬರುವುದರಿಂದ ಈ ಅಪಾಯ ಇನ್ನೂ ಜಾಸ್ತಿ. ಮುಳ್ಳು ಬಿಡಿಸಲು ಬೇಸರವಿಲ್ಲದವರು ಇಡೀ ಸ್ನ್ಯಾಪರ್ ಹೇಳಲಿ, ಮುಳ್ಳಿನ ಜೊತೆಗೇ ಬೇಯುವುದರಿಂದ ರಸ ಉಳಿಯುತ್ತದೆ. ಬೇಸರವಿದ್ದವರಿಗೆ ಮಾಹಿಮಾಹಿ.

ಮೀನಿನ ಜೊತೆ ಪಕ್ಕದ ಪದಾರ್ಥ ಎರಡು ಆರಿಸಿಕೊಳ್ಳಬಹುದು. ಮ್ಯಾಕರೋನಿ ಪೈ ತಪ್ಪಿಸಬೇಡಿ. ಚೀಸ್, ಸಾಸಿವೆ ಹಾಕಿ ಓವನ್ನಿನಲ್ಲಿ ಬೇಯಿಸಿ ಬರ್ಫಿಯಂತೆ ಚೌಕಕ್ಕೆ ಕತ್ತರಿಸಿ ಕೊಡುತ್ತಾರೆ. ‘ಬ್ರೆಡ್‌ಫ್ರೂಟ್’ ಅಂತ ಬರೆದಿದ್ದರೆ ಅದು ಮಂಗಳೂರು, ಉಡುಪಿ ಕಡೆಯ ಜೀಗುಜ್ಜೆಯೇ. ‘ರೈಸ್ ಆ್ಯಂಡ್ ಪೀಸ್’ನಲ್ಲಿರುವ ಕಾಳು ಬಹುತೇಕ ತೊಗರಿ, ಬೇಳೆ ಮಾಡದ ಇಡೀ ಕಾಳು. ಮೇಜಿನ ಮೇಲೆ ಹಳದಿ ಬಣ್ಣದ ಸಾಸ್ ಬಾಟಲಿ ಇರುತ್ತದೆ. ಸಾಸಿವೆ, ಅರಿಶಿನದ ಜೊತೆ ಸ್ಕಾಚ್ ಬಾನೆಟ್ ಮೆಣಸು ಅರೆದದ್ದು. ಬ್ಯಾಡಗಿ ಅಂದುಕೊಂಡು ಸುರಿದರೆ ಊಟ ಅಲ್ಲಿಗೆ ಮುಗಿಯಿತು. ಚಮಚದ ತುದಿಯಲ್ಲಿ ಶುರು ಮಾಡಿ.

ಶುಕ್ರವಾರ ರಾತ್ರಿಯೇ ಇಲ್ಲಿನ ಜಾತ್ರೆ. ಏಳರಿಂದ ಹತ್ತರವರೆಗೆ ಕಾಲಿಡಲು ಜಾಗ ಸಿಗದು. ಪ್ರವಾಸದ ಪುಸ್ತಕಗಳಲ್ಲಿ ಹೆಸರು ಬಂದ ಒಂದೆರಡು ಅಂಗಡಿಗಳ ಮುಂದೆ ಮುಕ್ಕಾಲು ಗಂಟೆಯ ಸಾಲು ಸಾಮಾನ್ಯ, ನಾಲ್ಕು ಅಂಗಡಿ ಆಚೆ ಅಂಥದೇ ಮೀನನ್ನು ಅಂಥದೇ ಜಾಲರಿಯಲ್ಲಿ ಸುಡುವವರ ಬೆಂಚು ಖಾಲಿ. ಸಾಲು ನಿಲ್ಲಬೇಡಿ. ಆರು ಗಂಟೆಗೆ ಹೋಗಿ, ಜಾಲರಿಯಲ್ಲಿ ಆಗಷ್ಟೇ ಮೀನು ಹಾಕುತ್ತಿರುವ ಅಂಗಡಿ ನೋಡಿ ಕೂತುಬಿಡಿ. ಊಟವೇ ಮುಖ್ಯ ಅನ್ನುವವರಿಗೆ ನನ್ನ ಸಲಹೆ ಗುರುವಾರ: ಹಲವು ಅಂಗಡಿಗಳು ತೆರೆದಿರುತ್ತವೆ, ಅಡುಗೆಯವರಿಗೆ ನಿಮ್ಮ ತಟ್ಟೆ ನೋಡಲು ಪುರುಸೊತ್ತಿರುತ್ತದೆ. ಹಾಡು ಕುಣಿತಕ್ಕೆ ಶುಕ್ರವಾರ ಮತ್ತೆ ಹೋದರಾಯಿತು. ವೇದಿಕೆಯ ಬಳಿ ಕಿವಿ ಹರಿಯುವಷ್ಟು ಸೋಕಾ ಸಂಗೀತವಿದ್ದರೆ, ಇನ್ನೊಂದು ಮೂಲೆಯಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಅರವತ್ತು ದಾಟಿದ ಜೋಡಿಗಳು ಹಳೆಯ ಹಾಡಿಗೆ ಬಾಲ್‌ರೂಮ್ ಹೆಜ್ಜೆ ಹಾಕುತ್ತಿರುತ್ತವೆ. ಈ ಎರಡನೆಯದನ್ನು ನೋಡಲು ಚಿಕ್ಕಾಸೂ ಕೊಡಬೇಕಿಲ್ಲ, ಮೂರೂ ಜಾಗಗಳಲ್ಲಿ ಇದಕ್ಕೆ ಸಾಟಿಯೂ ಇಲ್ಲ.

ಬೋರ್ಡಿನಲ್ಲಿರುವುದೆಲ್ಲ ದಿನವೂ ಸಿಗುತ್ತದೆ ಅಂದುಕೊಳ್ಳಬೇಡಿ. 2024ರ ಜೂನ್ 29ರಂದು ಕೆನ್ಸಿಂಗ್ಟನ್ ಓವಲ್‌ನಲ್ಲಿ ದ್ರಾವಿಡ್ ತರಬೇತಿಯ ಭಾರತ ತಂಡ ವಿಶ್ವಕಪ್ ಗೆದ್ದು, ಬೆರಿಲ್ ಚಂಡಮಾರುತದಿಂದಾಗಿ ಅಲ್ಲೇ ಸಿಕ್ಕಿಹಾಕಿಕೊಂಡದ್ದು ನಮಗೆಲ್ಲ ನೆನಪಿದೆ. ಅದೇ ಬೆರಿಲ್ ಬಂದರಿನಲ್ಲಿ ಕಟ್ಟಿದ್ದ ಮೀನುಗಾರಿಕೆ ದೋಣಿಗಳನ್ನು ದೊಡ್ಡ ಸಂಖ್ಯೆಯಲ್ಲಿ ಒಡೆದುಹಾಕಿತು. ‘ಇವತ್ತು ಬಂದ ಮೀನು ಯಾವುದು?’ ಅಂತ ಕೇಳಿ, ಅದನ್ನೇ ಹೇಳಿ. ಹಾರುಮೀನಿಗೆ ಡಿಸೆಂಬರಿನಿಂದ ಜೂನ್‌ವರೆಗಿನ ಕಾಲ ಒಳ್ಳೆಯದು.

ಇನ್ನು ನಿಜವಾದ ತಲೆನೋವು: ಯಾವ ಡಾಲರ್?

ಬಾರ್ಬಡೋಸ್‌ಗೆ ತನ್ನದೇ ಡಾಲರ್ ಇದೆ. 1975ರಿಂದ ಒಂದು ಅಮೆರಿಕನ್ ಡಾಲರಿಗೆ ಎರಡು ಬಾರ್ಬಡೋಸ್ ಡಾಲರ್ ಎಂಬ ದರ ಕದಲಿಲ್ಲ. ಊರವರು ತಮ್ಮ ಡಾಲರನ್ನು ‘ಬೇಜನ್’ ಅನ್ನುತ್ತಾರೆ. ನಮ್ಮ ಲೆಕ್ಕಕ್ಕೆ ಒಂದಕ್ಕೆ ನಲವತ್ತು ಚಿಲ್ಲರೆ ರೂಪಾಯಿ. ತೊಂದರೆ ಏನೆಂದರೆ ಎರಡಕ್ಕೂ ಚಿಹ್ನೆ ಒಂದೇ, ಎರಡೂ ನೋಟು ಹೆಚ್ಚಿನ ಕಡೆ ನಡೆಯುತ್ತವೆ, ಬಾಯಲ್ಲಿ ಹೇಳುವಾಗ ಯಾರೂ ಹೆಸರು ಸೇರಿಸುವುದಿಲ್ಲ. ಓಯ್‌ಸ್ಟಿನ್ಸ್ ಬೋರ್ಡಿನ ಮೇಲಿನ 45 ಬೇಜನ್. ಹೋಲ್‌ಟೌನ್‌ನ ಕೆಲವು ಮೆನುಗಳಲ್ಲಿ, ದೋಣಿ ವಿಹಾರದ ಚೀಟಿಗಳಲ್ಲಿ, ಟ್ಯಾಕ್ಸಿ ಚಾಲಕರ ಬಾಯಲ್ಲಿ ಅದೇ 45 ಅಮೆರಿಕನ್ ಆಗಿರಬಹುದು. ಅಂದರೆ 90 ಬೇಜನ್. ಟ್ಯಾಕ್ಸಿಗಳಿಗೆ ಮೀಟರ್ ಇಲ್ಲ, ದರ ಹೇಳಿದ ಮೇಲೆ ಹತ್ತುವುದು ಪದ್ಧತಿ. ಆದ್ದರಿಂದ ಬಾಗಿಲು ತೆರೆಯುವ ಮುಂಚೆ ‘ಬೇಜನ್ನಾ, ಯುಎಸ್ಸಾ?’ ಅಂತ ಕೇಳಿ. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಕೇಳದೆ ಇಳಿದ ಮೇಲೆ ಚರ್ಚೆಗಿಳಿದರೆ ಸೋಲು ನಿಮ್ಮದೇ.

ಅಮೆರಿಕನ್ ನೋಟು ಕೊಟ್ಟರೆ ಚಿಲ್ಲರೆ ಬೇಜನ್‌ನಲ್ಲಿ ಬರುತ್ತದೆ. ಇದು ಮೋಸವಲ್ಲ, ರೂಢಿ. ದೊಡ್ಡ ನೋಟು ಕೊಟ್ಟಾಗ ಮಾತ್ರ ಎರಡರಿಂದ ಗುಣಿಸಿ ಚಿಲ್ಲರೆ ಎಣಿಸಿಕೊಳ್ಳಿ. ಅಂಗಡಿ ಸಾಲಿಗೆ ಹೋಗುವಾಗ ಎಟಿಎಂನಿಂದ ಬೇಜನ್ ತೆಗೆದು 5, 10, 20ರ ನೋಟು ಮಾಡಿಸಿಕೊಂಡರೆ ಅರ್ಧ ಸಮಸ್ಯೆ ಕಡಿಮೆ. (5ರ ನೋಟಿನ ಮೇಲೆ ಕ್ರಿಕೆಟಿಗ ಫ್ರಾಂಕ್ ವೊರೆಲ್ ಇದ್ದಾರೆ. ಒಂದನ್ನು ಇಟ್ಟುಕೊಳ್ಳುವ ಆಸೆ ಆಗುತ್ತದೆ, ಇಟ್ಟುಕೊಳ್ಳಿ. ದ್ವೀಪ ಬಿಟ್ಟ ಮೇಲೆ ಉಳಿದ ಬೇಜನ್ ನೋಟು ಬೆಂಗಳೂರಿನಲ್ಲಿ ಯಾರೂ ಬದಲಾಯಿಸಿ ಕೊಡುವುದಿಲ್ಲ.)

ಕಾರ್ಡಿನದು ಬೇರೆಯೇ ಕಥೆ. ಯಂತ್ರ ಕೆಲವೊಮ್ಮೆ ‘ರೂಪಾಯಿಯಲ್ಲಿ ಕೊಡುತ್ತೀರಾ?’ ಅಂತ ಕೇಳುತ್ತದೆ. ಬೇಡ ಅನ್ನಿ, ಬೇಜನ್ ಆರಿಸಿ. ಹೌದು ಅಂದರೆ ವಿನಿಮಯ ದರ ಆ ಯಂತ್ರದವರು ಇಟ್ಟದ್ದು. ಅದರ ಮೇಲೆ ನಿಮ್ಮ ಬ್ಯಾಂಕ್ ವಿದೇಶಿ ವಹಿವಾಟಿನ ಶುಲ್ಕವನ್ನೂ ಹಾಕಬಹುದು.

ಕೊನೆಯ ಗಂಟು ಮೆನುವಿನ ಅಡಿಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿರುತ್ತದೆ. ವ್ಯಾಟ್ 17.5 ಪ್ರತಿಶತ, ಬೆಲೆಯಲ್ಲಿ ಸೇರಿದೆಯೋ ಇಲ್ಲವೋ ನೋಡಿ. ಸೇವಾ ಶುಲ್ಕ ಬಹಳ ಕಡೆ 10ರಿಂದ 15 ಪ್ರತಿಶತ. ಎರಡೂ ಹೊರಗಿದ್ದರೆ 80 ಅಂತ ಬರೆದ ಮೀನು ವ್ಯಾಟ್‌ಗೆ 14, ಸೇವೆಗೆ 10 ಪ್ರತಿಶತದಂತೆ 8 ಸೇರಿ 102 ಆಗುತ್ತದೆ. ಆ 80 ಅಮೆರಿಕನ್ ಡಾಲರ್ ಆಗಿದ್ದರೆ 204 ಬೇಜನ್! ಇಷ್ಟಾದ ಮೇಲೂ ಕಾರ್ಡ್ ಚೀಟಿಯಲ್ಲಿ ‘ಟಿಪ್’ ಅಂತ ಖಾಲಿ ಗೆರೆ ಕಾಯುತ್ತಿರುತ್ತದೆ. ಸೇವಾ ಶುಲ್ಕ ಕೊಟ್ಟಿದ್ದರೆ ಅಲ್ಲಿ ಅಡ್ಡಗೀಟು ಎಳೆದು ಸಹಿ ಹಾಕಿ. ಓಯ್‌ಸ್ಟಿನ್ಸ್‌ನ ಬೆಂಚಿನಲ್ಲಿ ಈ ಲೆಕ್ಕವೇ ಇಲ್ಲ, ಬೋರ್ಡಿನಲ್ಲಿ ಇದ್ದಷ್ಟು ಕೊಟ್ಟು ಏಳುವುದು. ನನ್ನ ಓಟಿಗೆ ಅರ್ಧ ಕಾರಣ ಇದೇ.

ಗ್ಯಾಪ್ ಅಂದರೆ ಹೆದ್ದಾರಿಯಿಂದ ಕವಲೊಡೆದು ಮತ್ತೆ ಹೆದ್ದಾರಿಗೇ ಸೇರುವ ಒಂದೂವರೆ ಕಿಲೋಮೀಟರ್ ಉದ್ದದ ಬಾಗು ರಸ್ತೆ. ಎರಡೂ ಬದಿ ಬಾರು, ಹೋಟೆಲು, ಪಿಜ್ಜಾ, ಕರಿಯೋಕೆ. ಊಟಕ್ಕೆಂದೇ ಇಲ್ಲಿಗೆ ಬರುವುದರಲ್ಲಿ ಅರ್ಥವಿಲ್ಲ, ಬೇರೆಲ್ಲಾದರೂ ಸಿಗುವಂಥದ್ದೇ. ಇದರ ಬಲ ಬೇರೆ, ಒಂದು ಬಾರು ಹಿಡಿಸದಿದ್ದರೆ ಐವತ್ತು ಹೆಜ್ಜೆಗೆ ಇನ್ನೊಂದು. ರಂಗೇರುವುದು ಹತ್ತೂವರೆಯ ಮೇಲೆ. ಒಂಬತ್ತಕ್ಕೆ ಹೋಗಿ ‘ಏನೂ ಇಲ್ಲವಲ್ಲ’ ಅಂತ ಗೊಣಗುವವರು ಬಹಳ. ಕ್ಲಬ್ಬುಗಳಲ್ಲಿ ಪ್ರವೇಶ ಶುಲ್ಕ ಇದ್ದರೆ, ಅದರಲ್ಲಿ ಪಾನೀಯ ಸೇರಿದೆಯೇ ಅಂತ ಬಾಗಿಲಲ್ಲೇ ಕೇಳಿ. ಏಳೂವರೆಗೆ ಊಟ, ಹನ್ನೊಂದಕ್ಕೆ ಹಾಸಿಗೆ ಅನ್ನುವ ನನ್ನಂಥವರಿಗೆ ಗ್ಯಾಪ್ ಸುಮ್ಮನೆ ವ್ಯರ್ಥ. ಇಪ್ಪತ್ತೈದರವರು ಈ ಸಾಲನ್ನು ಓದದೆ ಮುಂದೆ ಹೋಗಬಹುದು.

ಹೋಲ್‌ಟೌನ್ ಚೆಂದವಿಲ್ಲ ಅಂತಲ್ಲ. ಇಂಗ್ಲಿಷರು 1627ರಲ್ಲಿ ಮೊದಲು ನೆಲೆಯೂರಿದ ಊರದು. ಫಸ್ಟ್ ಸ್ಟ್ರೀಟ್, ಸೆಕೆಂಡ್ ಸ್ಟ್ರೀಟ್ ಎಂಬ ಎರಡು ಗಲ್ಲಿಗಳಲ್ಲಿ ಊಟ, ಕುಡಿತ ಎಲ್ಲ ಒತ್ತೊತ್ತಾಗಿದೆ. ಇಲ್ಲಿ ದುಡ್ಡು ಕೊಡಬೇಕಾದದ್ದು ಸೂರ್ಯಾಸ್ತಕ್ಕೆ. ಪಶ್ಚಿಮಕ್ಕೆ ಮುಖ ಮಾಡಿದ ಮೇಜು ಸಿಕ್ಕರೆ ಸೂರ್ಯ ನೇರ ನೀರಿಗೇ ಇಳಿಯುತ್ತಾನೆ. ಆದರೆ ಡಿಸೆಂಬರಿನಲ್ಲಿ ಐದೂವರೆಗೇ, ಜೂನ್‌ನಲ್ಲಿ ಆರೂವರೆಯ ಆಸುಪಾಸಿಗೆ ಆಟ ಮುಗಿಯುತ್ತದೆ. ‘ಡಿನ್ನರ್’ ಅಂತ ಏಳಕ್ಕೆ ಮೇಜು ಕಾದಿರಿಸಿದವರು ಕತ್ತಲೆಗೆ ದುಡ್ಡು ಕೊಡುತ್ತಾರೆ. ಅದಕ್ಕಿಂತ ಮುಸ್ಸಂಜೆಗೆ ಹೋಗಿ ಒಂದು ರಮ್ ಪಂಚ್ ಕುಡಿದು ಎದ್ದುಬಿಡಿ. ಒಂದು ಪಾಲು ಹುಳಿ, ಎರಡು ಸಿಹಿ, ಮೂರು ರಮ್, ನಾಲ್ಕು ನೀರು, ಮೇಲೆ ತುರಿದ ಜಾಯಿಕಾಯಿ: ಈ ಲೆಕ್ಕಕ್ಕೆ ಹತ್ತಿರವಿದ್ದರೆ ಒಳ್ಳೆಯ ಪಂಚ್, ಬರೀ ಕೆಂಪು ಸಿರಪ್ಪಿನ ರುಚಿ ಬಂದರೆ ಮೋಸ. ದೊಡ್ಡ ಹೋಟೆಲುಗಳಿಗೆ ಚಡ್ಡಿ ಹಾಕಿಕೊಂಡು ಹೋದರೆ ಒಳಗೆ ಬಿಡಲಿಕ್ಕಿಲ್ಲ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹಲವು ಕಡೆ ವಾರಗಟ್ಟಲೆ ಬಾಗಿಲು ಹಾಕಿರುತ್ತಾರೆ, ಫೋನ್ ಮಾಡಿಯೇ ಹೊರಡಿ.

ಸಸ್ಯಾಹಾರಿಗಳಿಗೆ ಮೂರರಲ್ಲಿ ಓಯ್‌ಸ್ಟಿನ್ಸ್ ಕಷ್ಟವೇ, ಒಪ್ಪುತ್ತೇನೆ. ಮ್ಯಾಕರೋನಿ ಪೈ, ಜೀಗುಜ್ಜೆ, ಹುರಿದ ಬಾಳೆಹಣ್ಣು ಸೇರಿಸಿ ಒಂದು ತಟ್ಟೆ ಮಾಡಿಸಬಹುದು. ಅನ್ನ ಮಾತ್ರ ಕೇಳದೆ ಹಾಕಿಸಿಕೊಳ್ಳಬೇಡಿ, ತೊಗರಿ ಬೇಯಿಸುವಾಗ ಉಪ್ಪು ಹಾಕಿದ ಹಂದಿ ಬಾಲ ಸೇರಿಸುವ ರೂಢಿಯಿದೆ. ಗ್ಯಾಪ್‌ನಲ್ಲಿ ಪಿಜ್ಜಾ, ಪಾಸ್ತಾ ಇದ್ದೇ ಇದೆ. ಮೂರರಿಂದ ಹೊರಗೆ, ಶುಕ್ರವಾರ ಅಥವಾ ಶನಿವಾರ ಮನೆಯೂಟದಂಥ ಅಂಗಡಿಯಲ್ಲಿ ‘ಕೂಕೂ’ ಕಂಡರೆ ತಿನ್ನಿ: ಮೆಕ್ಕೆಜೋಳದ ಹಿಟ್ಟಿಗೆ ಬೆಂಡೆಕಾಯಿ ಹಾಕಿ, ಚಪ್ಪಟೆ ಕೋಲಿನಲ್ಲಿ ಗಂಟಿಲ್ಲದಂತೆ ತಿರುವಿದ್ದು. ಮುದ್ದೆ ಕೋಲು ಹಿಡಿದವರಿಗೆ ಆ ಕೈಚಳಕ ದೂರದಿಂದಲೇ ಗುರುತು ಸಿಗುತ್ತದೆ. ಮೇಲಿನ ಸಾರು ಮೀನಿನದು ಅನ್ನುವುದು ನೆನಪಿರಲಿ.

ಹೋಗಿಬರುವ ಖರ್ಚಿನಲ್ಲೂ ಓಯ್‌ಸ್ಟಿನ್ಸ್ ಗೆಲ್ಲುತ್ತದೆ. ಬ್ರಿಡ್ಜ್‌ಟೌನ್‌ನಿಂದ 11ನೇ ನಂಬರಿನ ವ್ಯಾನ್ ಗ್ಯಾಪ್‌ನ ಬಾಯಿ ದಾಟಿ ಓಯ್‌ಸ್ಟಿನ್ಸ್‌ಗೆ ಹೋಗುತ್ತದೆ, ಎಲ್ಲಿ ಹತ್ತಿದರೂ 3.50 ಬೇಜನ್. ಬಿಳಿ ಬಣ್ಣ, ಕೆಂಗಂದು ಪಟ್ಟಿ, ನಂಬರ್ ಪ್ಲೇಟಿನಲ್ಲಿ ‘ಝಡ್‌ಆರ್’. ನಾಲ್ಕು ಜನರ ಸೀಟಿನಲ್ಲಿ ಐವರು, ಸೀಟಿನಡಿಯಲ್ಲಿ ಸ್ಪೀಕರ್. ಸರ್ಕಾರಿ ನೀಲಿ ಬಸ್ಸಿಗೂ ಅಷ್ಟೇ ದರ, ಆದರೆ ಅಲ್ಲಿ ಚಿಲ್ಲರೆ ವಾಪಸ್ ಕೊಡುವುದಿಲ್ಲ. ನಿಲ್ದಾಣದ ಫಲಕದಲ್ಲಿ ‘ಟು ಸಿಟಿ’ ಅಂದರೆ ಬ್ರಿಡ್ಜ್‌ಟೌನ್ ಕಡೆ, ‘ಔಟ್ ಆಫ್ ಸಿಟಿ’ ಅಂದರೆ ಅದರಿಂದಾಚೆ. ದಕ್ಷಿಣ ತೀರದಲ್ಲಿ ಉಳಿದುಕೊಂಡು ಹೋಲ್‌ಟೌನ್‌ಗೆ ರಾತ್ರಿ ಹೋದರೆ ವಾಪಸ್ ಬರಲು ಬಹುತೇಕ ಟ್ಯಾಕ್ಸಿಯೇ ಗತಿ, ಆ ದುಡ್ಡಿಗೆ ಇನ್ನೊಂದು ತಟ್ಟೆ ಮೀನು ಬರುತ್ತದೆ.

ಹೊರಡುವ ಮುಂಚೆ ಚೀಲದಲ್ಲಿ ಸೈನಿಕರ ಬಟ್ಟೆಯ ಚಿತ್ತಾರದ ಟೀಶರ್ಟು, ಚಡ್ಡಿ, ಟೋಪಿ ಇದ್ದರೆ ತೆಗೆದು ಮನೆಯಲ್ಲಿಡಿ. ಮಕ್ಕಳದ್ದೂ ಸೇರಿ, ಬಾರ್ಬಡೋಸ್‌ನಲ್ಲಿ ಅದನ್ನು ತೊಡುವುದು ಕಾನೂನಿಗೆ ವಿರುದ್ಧ.