ಗೋಧಿ ತಿನ್ನಬಾರದವರಿಗೆ ಡಬ್ಬಿ ಊಟ: ಮೂರು ಅಡುಗೆಮನೆಗಳ ಹೋಲಿಕೆ

ಸೀಲಿಯಾಕ್ ಕಾಯಿಲೆಗೆ ಇರುವ ಮದ್ದು ಒಂದೇ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಜೀವನಪೂರ್ತಿ ಹೊಟ್ಟೆಗೆ ಹೋಗದಂತೆ ನೋಡಿಕೊಳ್ಳುವುದು. ನನಗೆ ಈ ಕಾಯಿಲೆ ಇದೆ ಎಂದು ಗೊತ್ತಾದಾಗ ಬಂಧುಗಳೆಲ್ಲ ಹೇಳಿದ್ದು ಒಂದೇ ಮಾತು: "ಅನ್ನ ತಿನ್ನೋರಿಗೆ ಅದೇನು ಕಷ್ಟ? ಚಪಾತಿ, ಉಪ್ಪಿಟ್ಟು ಬಿಟ್ರಾಯ್ತು." ಮನೆಯಲ್ಲೇ ಅಡುಗೆ ಮಾಡಿಕೊಂಡು ತಿಂದರೆ ಆ ಮಾತು ಹೆಚ್ಚುಕಡಿಮೆ ನಿಜ. ಆದರೆ ಬೆಂಗಳೂರಿನಲ್ಲಿ ಬೆಳಗ್ಗೆ ಮನೆ ಬಿಟ್ಟು ರಾತ್ರಿ ಬರುವ ಕೆಲಸ ನನ್ನದು. ಮಧ್ಯಾಹ್ನದ ಊಟ ಹೊರಗಿನಿಂದಲೇ ಬರಬೇಕು. ಜೊತೆಗೆ ನಾನು ಸಸ್ಯಾಹಾರಿ, ರಕ್ತದಲ್ಲಿ ಕಬ್ಬಿಣದ ಅಂಶವೂ ಕಡಿಮೆ. ಈ ಕಾಯಿಲೆಯಲ್ಲಿ ಸಣ್ಣಕರುಳಿನ ಒಳಪದರ ಕೆಟ್ಟು ಕಬ್ಬಿಣ ಸರಿಯಾಗಿ ಹೀರಿಕೊಳ್ಳುವುದಿಲ್ಲವಾದ್ದರಿಂದ ಅನೇಕರಿಗೆ ಹೀಗಾಗುತ್ತದೆ. ಹಾಗಾಗಿ ಗೋಧಿ ಇಲ್ಲದಿದ್ದರೆ ಸಾಲದು, ಡಬ್ಬಿಯಲ್ಲಿ ಕಾಳು, ಸೊಪ್ಪು ಧಾರಾಳವಾಗಿ ಇರಬೇಕು.

ಮೂರು ಕಡೆಯಿಂದ ತರಿಸಿ ನೋಡಿದೆ: ಆ್ಯಪ್‌ನಲ್ಲಿ ತಿಂಗಳ ಲೆಕ್ಕಕ್ಕೆ ಹಣ ಕಟ್ಟುವ ಡಯಟ್ ಊಟ, ಸಿರಿಧಾನ್ಯದ ಅಡುಗೆಯನ್ನೇ ಮಾಡುವ ಒಂದು ಸಣ್ಣ ಕಿಚನ್, ನಮ್ಮ ಪಕ್ಕದ ಬೀದಿಯಲ್ಲಿ ಕ್ಯಾರಿಯರ್ ಊಟ ಕಳಿಸುವ ಒಬ್ಬರು ಅಮ್ಮ.

ಆ್ಯಪ್‌ನ ಡಬ್ಬಿ ನೋಡಿದರೆ ಖುಷಿಯಾಗುತ್ತದೆ. ಮೇಲಿನ ಚೀಟಿಯಲ್ಲಿ ಕ್ಯಾಲೊರಿ ಎಷ್ಟು, ಪ್ರೋಟೀನು ಎಷ್ಟು ಎಂದು ಬರೆದಿರುತ್ತದೆ. ಪನ್ನೀರ್, ಕಡಲೆ, ಮೊಳಕೆಕಾಳು ನಿಜಕ್ಕೂ ಹೊಟ್ಟೆ ತುಂಬುವಷ್ಟು ಇರುತ್ತವೆ. 'ಗ್ಲುಟೆನ್ ಫ್ರೀ' ಎಂದು ಆರಿಸಿಕೊಳ್ಳುವ ಗುಂಡಿಯೂ ಇದೆ. ಆದರೆ ಆ ಗುಂಡಿ ಹೇಳುವುದು ಆ ತಿಂಡಿಗೆ ಗೋಧಿ ಹಾಕಿಲ್ಲ ಎಂದಷ್ಟೇ. ಅದೇ ಕಟ್ಟೆಯ ಮೇಲೆ ಗೋಧಿ ರೋಲ್ ಸುತ್ತುತ್ತಾರೋ, ಪಾಸ್ತಾ ಬೇಯಿಸಿದ ಜರಡಿಯಲ್ಲೇ ನನ್ನ ತರಕಾರಿ ಬಸಿಯುತ್ತಾರೋ ಅದು ಹೇಳುವುದಿಲ್ಲ. ನವಣೆ ಅನ್ನದ ಬಟ್ಟಲಿನ ತರಕಾರಿಗೆ ಸೋಯಾ ಸಾಸ್ ಹಾಕಿದ್ದರು. ಸಾಮಾನ್ಯ ಸೋಯಾ ಸಾಸ್ ಮಾಡುವುದೇ ಸೋಯಾ ಮತ್ತು ಗೋಧಿ ಹುದುಗಿಸಿ. ಈ ಬಗ್ಗೆ ಕೇಳಿದರೆ ಮೊದಲು ಬಂದಿದ್ದೆಲ್ಲ ಸಿದ್ಧ ಉತ್ತರಗಳು. ಬಿಡದೆ ಕೇಳಿದ ಮೇಲೆ ಒಬ್ಬರು ನೇರವಾಗಿ ಹೇಳಿದರು: ನಮ್ಮ ಅಡುಗೆಮನೆಯಲ್ಲಿ ಗೋಧಿ ಬಳಕೆ ಇದೆ, ಸೀಲಿಯಾಕ್ ಇರುವವರಿಗೆ ಖಾತರಿ ಕೊಡಲಾರೆವು. ಆ ಉತ್ತರಕ್ಕೆ ನಾನು ಋಣಿ. ತೂಕ ಇಳಿಸುವವರಿಗೆ, ಸಕ್ಕರೆ ಕಾಯಿಲೆ ಇದ್ದು ಅಳತೆಯಲ್ಲಿ ಉಣ್ಣಬೇಕಾದವರಿಗೆ ಈ ಮೂರರಲ್ಲಿ ಇದೇ ಒಳ್ಳೆಯದು ಎಂದು ಈಗಲೂ ಹೇಳುತ್ತೇನೆ. ನನ್ನಂಥವರಿಗೆ ಆಗದು.

ಯಾಕಿಷ್ಟು ಬಿಗಿ ಎಂದರೆ, ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಒಂದು ಪದಾರ್ಥವನ್ನು ಗ್ಲುಟೆನ್ ಇಲ್ಲದ್ದು ಎಂದು ಮಾರಬೇಕಾದರೆ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದು. ಚಪಾತಿ ಲಟ್ಟಿಸುವ ಮಣೆಯಿಂದ ಹಾರಿದ ಹಿಟ್ಟು ಈ ಮಿತಿ ದಾಟಿಸಬಲ್ಲದು. ಇನ್ನೊಂದು ತೊಡಕು, ನಾಲಿಗೆಗಾಗಲಿ ಹೊಟ್ಟೆಗಾಗಲಿ ಇದು ಯಾವಾಗಲೂ ತಿಳಿಯುವುದಿಲ್ಲ. ನೋವು, ಭೇದಿ ಏನೂ ಇಲ್ಲದೆಯೇ ಒಳಗೆ ಕರುಳು ಸವೆಯುತ್ತಿರಬಹುದು. ಒಂದು ವಾರದ ಟ್ರಯಲ್ ಪ್ಯಾಕ್ ತಿಂದು "ನನಗೇನೂ ಆಗಲಿಲ್ಲ" ಎಂದು ತೀರ್ಮಾನಿಸುವಂತಿಲ್ಲ. ತಿಂಗಳುಗಟ್ಟಲೆ ಆದ ಮೇಲೆ ಡಾಕ್ಟರು ಬರೆದುಕೊಡುವ ಟಿಟಿಜಿ ರಕ್ತಪರೀಕ್ಷೆ (ಈ ಕಾಯಿಲೆಯಲ್ಲಿ ರಕ್ತದಲ್ಲಿ ಹೆಚ್ಚುವ ಪ್ರತಿಕಾಯಗಳನ್ನು ಅಳೆಯುವ ಪರೀಕ್ಷೆ) ಸ್ವಲ್ಪ ಸುಳಿವು ಕೊಡುತ್ತದೆ. ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಅಡುಗೆಮನೆಯನ್ನು ವಿಚಾರಿಸುವುದೊಂದೇ.

ಸಿರಿಧಾನ್ಯದ ಕಿಚನ್ ಮೇಲೆ ನನಗೆ ಬಹಳ ಆಸೆ ಇತ್ತು. ನವಣೆ ಬಿಸಿಬೇಳೆಬಾತ್, ಸಾಮೆ ಪೊಂಗಲ್, ರಾಗಿ ರೊಟ್ಟಿ, ಜೋಳದ ರೊಟ್ಟಿ ಜೊತೆ ಪುಂಡಿಸೊಪ್ಪಿನ ಪಲ್ಯ. ರುಚಿಯಲ್ಲಿ ಮೂರರಲ್ಲಿ ಇದೇ ಮೊದಲು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಮೂಳೆ ದುರ್ಬಲವಾಗುವ ಭಯವಿರುವ ನಮಗೆ ಅದೇನು ಸಣ್ಣ ಲಾಭವಲ್ಲ. ಗೋಧಿ ತರುವುದೇ ಇಲ್ಲ ಎಂದು ಹೇಳಿದ್ದರು, ತರುತ್ತಿರಲೂ ಇಲ್ಲ. ಆದರೂ ಗೋಧಿ ಎರಡು ದಾರಿಯಲ್ಲಿ ಒಳಗೆ ಬರುತ್ತಿತ್ತು. ಒಂದು, ಪ್ಯಾಕೆಟ್‌ನ ಸಿರಿಧಾನ್ಯದ ಶಾವಿಗೆ. ಮುಂದೆ ದೊಡ್ಡದಾಗಿ 'ರಾಗಿ' ಎಂದಿದ್ದರೂ ಹಿಂದಿನ ಪಟ್ಟಿಯಲ್ಲಿ ಗೋಧಿ ಹಿಟ್ಟಿರುವುದು ಅಪರೂಪವಲ್ಲ. ಇನ್ನೊಂದು, ಹಿಟ್ಟಿನ ಗಿರಣಿ. ರಾಗಿ, ಜೋಳ ಬೀಸಿಸುತ್ತಿದ್ದುದು ಬಡಾವಣೆಯವರೆಲ್ಲ ಗೋಧಿ ಬೀಸಿಸುವ ಗಿರಣಿಯಲ್ಲೇ. ಹಿಂದಿನವರ ಗೋಧಿ ಹಿಟ್ಟು ಮುಂದಿನವರ ರಾಗಿಗೆ ಬೆರೆಯದೆ ಇರುತ್ತದೆಯೇ? ಜೋಳದ ರೊಟ್ಟಿ ಬಿರಿಯದಿರಲಿ ಎಂದು ಒಂದು ಹಿಡಿ ಗೋಧಿ ಹಿಟ್ಟು ಸೇರಿಸುವ ಅಭ್ಯಾಸ ಬೇರೆ ಕೆಲವು ಕಡೆ ಇದೆ. ಇವರು ಸೇರಿಸುತ್ತಿರಲಿಲ್ಲ.

ಅದರಿಂದ ನಾನು ಒಂದು ನಿಯಮ ಮಾಡಿಕೊಂಡೆ. ಇಡೀ ಕಾಳಾದರೆ ಆರಿಸಬಹುದು, ತೊಳೆಯಬಹುದು. ಹಿಟ್ಟನ್ನು ತೊಳೆಯಲಾಗದು. ಅಲ್ಲಿಂದ ನವಣೆ, ಸಾಮೆಯ ಅನ್ನದ ಬಗೆಗಳನ್ನು ಮಾತ್ರ ತರಿಸುತ್ತೇನೆ, ರೊಟ್ಟಿ ತರಿಸುವುದಿಲ್ಲ.

ಕ್ಯಾರಿಯರ್ ಊಟದ ಅಮ್ಮನ ಬಳಿ ಚೀಟಿ ಇಲ್ಲ, ಕ್ಯಾಲೊರಿ ಲೆಕ್ಕವಿಲ್ಲ, ಆ್ಯಪ್ ಇಲ್ಲ. ಸಂಜೆ ಹುಡುಗರಿಗೆ ಚಪಾತಿಯನ್ನೂ ಮಾಡುತ್ತಾರೆ. ಕಾಗದದ ಮೇಲೆ ನೋಡಿದರೆ ಮೂರರಲ್ಲಿ ಇದೇ ಅಪಾಯದ್ದು. ಆದರೆ ಅವರ ಅಡುಗೆಮನೆಗೆ ನಾನೇ ಹೋಗಿ ನಿಂತು ಮಾತಾಡಬಹುದಿತ್ತು. ಮಾತಾಡಿದ್ದು ಮುಖ್ಯವಾಗಿ ಇಂಗಿನ ಬಗ್ಗೆ. ಅಂಗಡಿಯಲ್ಲಿ ಸಿಗುವ ಇಂಗು ಬರೀ ಇಂಗಲ್ಲ. ಶುದ್ಧ ಇಂಗಿನ ಘಾಟು ತಡೆಯಲಾಗದೆ ಅದಕ್ಕೆ ಗೋಂದು, ಹಿಟ್ಟು ಬೆರೆಸಿರುತ್ತಾರೆ, ಆ ಹಿಟ್ಟು ಬಹಳಷ್ಟು ಸಲ ಗೋಧಿಯದು ಅಥವಾ ಮೈದಾ. ಸಾರು, ಹುಳಿ, ಕೋಸಂಬರಿ, ಪುಳಿಯೋಗರೆ, ಉಪ್ಪಿನಕಾಯಿ ಎಲ್ಲಕ್ಕೂ ಇಂಗಿನ ಒಗ್ಗರಣೆ. "ಅಯ್ಯೋ, ಇಂಗಲ್ಲೂ ಗೋಧಿನಾ ಮಗಾ?" ಎಂದು ಡಬ್ಬಿ ತಿರುಗಿಸಿ ಓದಿದರು. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ, ತಂದುಕೊಟ್ಟೆ. ಮಾರನೇ ದಿನದಿಂದ ಎಲ್ಲರ ಸಾರಿಗೂ ಅದೇ ಇಂಗು. ಸಾರಿನ ಪುಡಿ ಅವರು ಮನೆಯಲ್ಲೇ ಮಾಡುವವರು, ಅದಕ್ಕೂ ಅದೇ.

ಉಳಿದದ್ದು ಅವರೇ ಯೋಚಿಸಿ ಮಾಡಿದರು. ಬೆಳಗ್ಗೆ ಒಲೆ ಹಚ್ಚಿದಾಗ ಮೊದಲು ನನ್ನ ಅಡುಗೆ, ನನಗೊಂದು ಬೇರೆ ಸೌಟು. ಪೂರಿ ಕರಿದ ಎಣ್ಣೆಯಲ್ಲಿ ಕರಿದ ಹಪ್ಪಳ, ಸಂಡಿಗೆ ನನ್ನ ಡಬ್ಬಿಗೆ ಹಾಕುವುದಿಲ್ಲ. ಹಬ್ಬದಲ್ಲಿ ಹೋಳಿಗೆ ಮಾಡುವ ದಿನ "ಇವತ್ತು ಬೇಡಮ್ಮ, ಮನೆಯೆಲ್ಲ ಮೈದಾ" ಎಂದು ತಾವೇ ಫೋನ್ ಮಾಡುತ್ತಾರೆ. ಇಂಥ ಫೋನ್ ಬೇರೆ ಯಾರಿಂದಲೂ ನನಗೆ ಬಂದಿಲ್ಲ.

ಕೊರತೆಯೂ ಇದೆ. ಅನ್ನ ಜಾಸ್ತಿ, ಕಾಳು ಕಡಿಮೆ. ಹೇಳಿದ ಮೇಲೆ ಹೆಸರುಕಾಳಿನ ಉಸಲಿ, ದಂಟಿನಸೊಪ್ಪಿನ ಹುಳಿ ಹೆಚ್ಚಿತು, ಆದರೂ ಆ್ಯಪ್‌ನ ಡಬ್ಬಿಯಷ್ಟು ಪ್ರೋಟೀನು ಇಲ್ಲ. ಅದಕ್ಕೇ ಮನೆಯಿಂದ ಹುರಿಗಡಲೆ, ಕಡಲೆಬೀಜ, ಮೊಸರು ಒಯ್ಯುತ್ತೇನೆ. ಕಬ್ಬಿಣ ಚೆನ್ನಾಗಿ ಹೀರಿಕೊಳ್ಳಲೆಂದು ಉಸಲಿಗೆ ನಿಂಬೆಹಣ್ಣು ಹಿಂಡಿಕೊಳ್ಳುತ್ತೇನೆ, ಊಟವಾದ ಕೂಡಲೇ ಕಾಫಿ ಕುಡಿಯುವುದನ್ನು ಬಿಟ್ಟಿದ್ದೇನೆ. ಬೆಲೆ ಈ ಮೂರರಲ್ಲಿ ಅವರದೇ ಕಡಿಮೆ. ಊರಿಗೆ ಹೋಗಿ ಅವರು ಒಲೆ ಹಚ್ಚದ ದಿನ ಸಿರಿಧಾನ್ಯದ ಕಿಚನ್‌ನ ನವಣೆ ಅನ್ನ.

ಹೊಸ ಕಡೆ ಊಟ ಹೇಳುವ ಮೊದಲು ನಾನು ಕಳಿಸುವ ಸಂದೇಶ ಇದು, ಬೇಕಾದವರು ಬಳಸಿಕೊಳ್ಳಿ: "ನನಗೆ ಗೋಧಿ, ಮೈದಾ, ರವೆ, ಬಾರ್ಲಿ ಚೂರೂ ಆಗದು, ಇದು ಕಾಯಿಲೆ. ನೀವು ಬಳಸುವ ಇಂಗಿನ ಡಬ್ಬಿಯ ಹಿಂದಿನ ಪಟ್ಟಿಯ ಫೋಟೊ ಕಳಿಸುತ್ತೀರಾ? ಹಿಟ್ಟು ಎಲ್ಲಿ ಬೀಸಿಸುತ್ತೀರಿ? ಚಪಾತಿ ಕಾವಲಿಯಲ್ಲೇ ದೋಸೆ ಹೊಯ್ಯುತ್ತೀರಾ?" "ಎಲ್ಲಾ ಗ್ಲುಟೆನ್ ಫ್ರೀ ಮೇಡಂ" ಎಂದಷ್ಟೇ ಉತ್ತರ ಬಂದರೆ ಅಲ್ಲಿ ಊಟ ಹೇಳುವುದಿಲ್ಲ. ಇಂಗಿನ ಡಬ್ಬಿಯ ಫೋಟೊ ಬಂದರೆ ಮುಂದಿನ ಮಾತು.